ಯಾರಿಗೆ ಏನು ಗೊತ್ತು, ಯಾವಾಗ ಗೊತ್ತು: ಮಕ್ಕಳ ಕಾದಂಬರಿಗಳನ್ನು ಓದುವ ಒಂದು ಬಗೆ

ಮಕ್ಕಳ ಕಾದಂಬರಿಯೊಂದನ್ನು ಪಾಠವಾಗಿ ಚರ್ಚಿಸುವಾಗ ಹೆಚ್ಚಿನವರು ಒಂದೇ ಕ್ರಮವನ್ನು ಅನುಸರಿಸುತ್ತಾರೆ. ಮೊದಲು ಪಾತ್ರಗಳ ಹೆಸರು, ಆಮೇಲೆ ಕಥೆ ನಡೆಯುವ ಸ್ಥಳ ಮತ್ತು ಕಾಲ, ಅನಂತರ ಕಥೆಯ ಸಾರಾಂಶ, ಕೊನೆಗೆ ಉಪಮೆ ರೂಪಕಗಳನ್ನು ಹುಡುಕಿ ಅಡಿಗೆರೆ ಎಳೆಯುವ ಕೆಲಸ. ಇವೆಲ್ಲ ಬೇಕಾದವೇ ಆದರೂ, ಹೀಗೆ ಓದಿದ ಮಗುವಿಗೆ ಕಾದಂಬರಿಯ ಬಿಡಿಭಾಗಗಳ ಹೆಸರು ತಿಳಿಯುತ್ತದೆಯೇ ಹೊರತು ಒಂದು ಭಾಗ ಇನ್ನೊಂದನ್ನು ಹೇಗೆ ನಡೆಸುತ್ತದೆ ಎಂಬುದು ತಿಳಿಯುವುದಿಲ್ಲ. ಈ ಹೆಸರುಗಳಿಗೆಲ್ಲ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ ಎಂದು ನಾನು ನಂಬಿದ್ದೇನೆ: ಈ ಪುಟದಲ್ಲಿ ಯಾರಿಗೆ ಏನು ಗೊತ್ತಿದೆ? ಕಥೆಯೊಳಗಿನ ಮಗುವಿಗೆ ಎಷ್ಟು ಗೊತ್ತು, ಅದರ ಸುತ್ತಲಿನ ದೊಡ್ಡವರಿಗೆ ಎಷ್ಟು ಗೊತ್ತು, ನಿರೂಪಕನಿಗೆ ಎಷ್ಟು ಗೊತ್ತು, ಓದುತ್ತಿರುವ ನಮಗೆ ಎಷ್ಟು ಗೊತ್ತು? ದೊಡ್ಡವರು ತನ್ನಿಂದ ಏನನ್ನೋ ಮರೆಮಾಚುತ್ತಿದ್ದಾರೆ ಎಂಬುದು ಪ್ರತಿ ಮಗುವಿನ ದಿನನಿತ್ಯದ ಅನುಭವ. ಒಳ್ಳೆಯ ಮಕ್ಕಳ ಕಾದಂಬರಿಕಾರರು ಈ ಅರಿವಿನ ಅಂತರವನ್ನೇ ಹಿಡಿದು ಕಥೆ ಕಟ್ಟುತ್ತಾರೆ, ಕಥನತಂತ್ರಗಳೆಲ್ಲ ಆ ಅಂತರವನ್ನು ಹಿಗ್ಗಿಸುವ ಅಥವಾ ಕುಗ್ಗಿಸುವ ಉಪಾಯಗಳಾಗುತ್ತವೆ.

ರಾಬರ್ಟ್ ಲೂಯಿ ಸ್ಟೀವನ್ಸನ್ ಅವರ ‘ಟ್ರೆಷರ್ ಐಲ್ಯಾಂಡ್’ ಪುಸ್ತಕವಾಗಿ ಬಂದದ್ದು 1883ರಲ್ಲಿ. ನಿರೂಪಕ ಜಿಮ್ ಹಾಕಿನ್ಸ್ ಎಂಬ ಹುಡುಗ, ಉತ್ತಮ ಪುರುಷದಲ್ಲಿ ಕಥೆ ಹೇಳುತ್ತಾನೆ ಎಂದಷ್ಟೇ ಬರೆದುಕೊಂಡರೆ ಮುಖ್ಯವಾದದ್ದು ಕೈತಪ್ಪುತ್ತದೆ. ಇಲ್ಲಿರುವುದು ಇಬ್ಬರು ಜಿಮ್‌ಗಳು. ಒಬ್ಬ ಅಪಾಯದ ನಡುವೆ ಇರುವ ಹುಡುಗ, ಇನ್ನೊಬ್ಬ ಎಲ್ಲ ಮುಗಿದ ಮೇಲೆ ಕುಳಿತು ಬರೆಯುತ್ತಿರುವವನು. ಬರೆಯುವವನಿಗೆ ಎಲ್ಲವೂ ಗೊತ್ತು, ಆದರೆ ಹುಡುಗನಿಗೆ ಆ ಕ್ಷಣದಲ್ಲಿ ಗೊತ್ತಿದ್ದಷ್ಟನ್ನೇ ಅವನು ನಮಗೆ ಕೊಡುತ್ತಾನೆ. ಒಂಟಿ ಕಾಲಿನ ನಾವಿಕನೊಬ್ಬ ಬಂದಾನು, ಕಣ್ಣಿಟ್ಟಿರು ಎಂದು ಜಿಮ್‌ಗೆ ಮೊದಲೇ ಎಚ್ಚರಿಕೆ ಸಿಕ್ಕಿರುತ್ತದೆ. ಮುಂದೆ, ನಿಧಿಯಿರುವ ದ್ವೀಪಕ್ಕೆ ಹಡಗು ಹೊರಡುವ ಮೊದಲು, ಬ್ರಿಸ್ಟಲ್ ಬಂದರಿನಲ್ಲಿ ಒಂದೇ ಕಾಲಿನ ಲಾಂಗ್ ಜಾನ್ ಸಿಲ್ವರ್ ಎದುರಾದಾಗ ಅವನ ನಗುಮುಖ ಮತ್ತು ಒಳ್ಳೆಯ ಮಾತು ಹುಡುಗನ ಸಂಶಯವನ್ನು ಕರಗಿಸಿಬಿಡುತ್ತವೆ. ಓದುಗನ ಸಂಶಯ ಮಾತ್ರ ಪೂರ್ತಿ ಕರಗುವುದಿಲ್ಲ. ಹುಡುಗ ನಂಬಿದ್ದಾನೆ, ನಾವು ಅರ್ಧ ನಂಬಿದ್ದೇವೆ. ಹಡಗು ದ್ವೀಪವನ್ನು ಮುಟ್ಟುವವರೆಗಿನ ಆತಂಕವೆಲ್ಲ ಈ ಅರ್ಧದಲ್ಲಿ ಅಡಗಿದೆ.

ಆಮೇಲೆ ಸೇಬಿನ ಪೀಪಾಯಿಯ ಪ್ರಸಂಗ ಬರುತ್ತದೆ. ಹಣ್ಣಿಗಾಗಿ ಪೀಪಾಯಿಯೊಳಗೆ ಇಳಿದ ಜಿಮ್, ಹೊರಗೆ ಸಿಲ್ವರ್ ದಂಗೆಯ ಸಂಚು ಹೇಳುವುದನ್ನು ಕೇಳಿಸಿಕೊಳ್ಳುತ್ತಾನೆ. ಹುಡುಗನನ್ನು ತಕ್ಷಣ ಚುಚ್ಚುವ ಸಂಗತಿ ಸಂಚಲ್ಲ, ಸಿಲ್ವರ್ ತನ್ನನ್ನು ಹೊಗಳಲು ಬಳಸಿದ್ದ ಅವೇ ಮಾತುಗಳಿಂದ ಇನ್ನೊಬ್ಬ ಯುವ ನಾವಿಕನನ್ನು ಒಲಿಸಿಕೊಳ್ಳುತ್ತಿದ್ದಾನೆ ಎಂಬುದು. ಪಾತ್ರಚಿತ್ರಣ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ಈ ಒಂದು ಸಂಗತಿಯನ್ನು ತೋರಿಸುತ್ತೇನೆ. ಸಿಲ್ವರ್ ಕಪಟಿ ಎಂದು ಲೇಖಕರು ಹೇಳಬೇಕಾಗಲಿಲ್ಲ. ಒಮ್ಮೆ ಪ್ರೀತಿಯಾಗಿ ಕೇಳಿಸಿದ ಮಾತು ಎರಡನೆಯ ಸಲ ಬೇರೊಬ್ಬನ ಪಾಲಾದಾಗ ಉಪಕರಣವಾಗಿ ಕಾಣಿಸಿತು, ಅಷ್ಟೇ ಸಾಕಾಯಿತು.

ಇದೇ ಕಾದಂಬರಿಯ 16ರಿಂದ 18ನೆಯ ಅಧ್ಯಾಯಗಳನ್ನು ಹೇಳುವವನು ಜಿಮ್ ಅಲ್ಲ, ಅವನ ಜೊತೆ ಹಡಗಿನಲ್ಲಿ ಬಂದ ಡಾಕ್ಟರ್ ಲಿವ್ಸಿ. ಮೇಲ್ನೋಟದ ಕಾರಣ ಸರಳ: ಜಿಮ್ ಆಗ ದ್ವೀಪದಲ್ಲಿದ್ದಾನೆ, ಹಡಗಿನಲ್ಲಿ ನಡೆದದ್ದನ್ನು ಅವನು ನೋಡಿಲ್ಲ. ಆದರೆ ದನಿ ಬದಲಾದಾಗ ಏನಾಗುತ್ತದೆ ಎಂದು ಗಮನಿಸಬೇಕು. ವೈದ್ಯನ ಮಾತಿನಲ್ಲಿ ಹುಡುಗನ ತಲ್ಲಣವಿಲ್ಲ, ಲೆಕ್ಕಾಚಾರವಿದೆ. ದೃಷ್ಟಿಕೋನ ಎಂಬ ಪರಿಭಾಷೆಯನ್ನು ವಿವರಿಸಲು ಹೆಣಗಾಡುವುದಕ್ಕಿಂತ ಈ ಅಧ್ಯಾಯಗಳನ್ನೂ ಅವುಗಳ ಹಿಂದಿನ ಒಂದು ಅಧ್ಯಾಯವನ್ನೂ ಒಟ್ಟಿಗೆ ಗಟ್ಟಿಯಾಗಿ ಓದುವುದು ಹೆಚ್ಚು ಫಲ ಕೊಡುತ್ತದೆ.

ಮುನ್ಸೂಚನೆಯ ವಿಷಯಕ್ಕೆ ಬಂದರೆ ನನಗೆ ಇ. ಬಿ. ವೈಟ್ ಅವರ ‘ಶಾರ್ಲೆಟ್ಸ್ ವೆಬ್’ (1952) ಕಾದಂಬರಿಗಿಂತ ಉತ್ತಮ ಉದಾಹರಣೆ ಸಿಕ್ಕಿಲ್ಲ. ಅಪ್ಪ ಕೊಡಲಿ ಹಿಡಿದು ಎಲ್ಲಿಗೆ ಹೊರಟಿದ್ದಾರೆ ಎಂದು ಫರ್ನ್ ಎಂಬ ಹುಡುಗಿ ಅಮ್ಮನನ್ನು ಕೇಳುವುದರೊಂದಿಗೆ ಕಥೆ ಆರಂಭವಾಗುತ್ತದೆ. ದೊಡ್ಡವರಿಗೆ ಗೊತ್ತಿದೆ, ಮಗುವಿಗೆ ಗೊತ್ತಿಲ್ಲ, ಮತ್ತು ಗೊತ್ತಾಗಬೇಕಾದದ್ದು ಹಂದಿಮರಿಯೊಂದಕ್ಕೆ ಒದಗಲಿರುವ ಸಾವು. ಕಾದಂಬರಿಯ ಸಮಸ್ಯೆಯೆಲ್ಲ ಆ ಒಂದು ಪ್ರಶ್ನೆಯಲ್ಲಿದೆ. ಮುಂದೆ ವಿಲ್ಬರ್ ಎಂಬ ಆ ಹಂದಿಮರಿಯನ್ನು ಕೊಲ್ಲದಂತೆ ಉಳಿಸಲು ಶಾರ್ಲೆಟ್ ಎಂಬ ಜೇಡ ಬಲೆಯಲ್ಲಿ ಅಕ್ಷರಗಳನ್ನು ನೇಯುತ್ತದೆ. ಅದನ್ನು ಓದಿದ ಜನರು ಹಂದಿಯನ್ನು ಕಂಡು ಬೆರಗಾಗುತ್ತಾರೆ, ಬರೆದ ಜೇಡದ ಕಡೆಗೆ ಅವರ ಗಮನ ಹರಿಯುವುದೇ ಇಲ್ಲ ಎನ್ನಬಹುದು. ಈಗ ಅಂತರ ತಿರುಗುಮುರುಗಾಗಿದೆ, ಓದುವ ಮಗುವಿಗೆ ಗೊತ್ತಿರುವುದು ಕಥೆಯೊಳಗಿನ ದೊಡ್ಡವರಿಗೆ ಗೊತ್ತಿಲ್ಲ. ವಿಮರ್ಶೆಯಲ್ಲಿ ಇದನ್ನು ನಾಟಕೀಯ ವ್ಯಂಗ್ಯ ಎನ್ನುತ್ತಾರೆ. ಮಗುವಿಗೆ ಆ ಹೆಸರು ತಿಳಿಯದಿದ್ದರೂ, ತಾನು ದೊಡ್ಡವರಿಗಿಂತ ಹೆಚ್ಚು ಬಲ್ಲೆ ಎಂಬ ಅಪರೂಪದ ಸಂತೋಷ ಅದಕ್ಕೆ ದಕ್ಕುತ್ತದೆ.

ಆ ಪುಸ್ತಕದ ನಡುವೆ ಜೀರುಂಡೆಗಳ ಅಧ್ಯಾಯವೊಂದಿದೆ. ಬೇಸಿಗೆ ಮುಗಿಯಿತು ಎಂದು ಅವು ಹುಲ್ಲಿನಲ್ಲಿ ಹಾಡುತ್ತವೆ, ಒಬ್ಬೊಬ್ಬರೂ ಆ ಒಂದೇ ಹಾಡನ್ನು ತಮ್ಮ ತಮ್ಮ ಅರ್ಥದಲ್ಲಿ ಕೇಳುತ್ತಾರೆ. ಮಕ್ಕಳಿಗೆ ಅದು ಶಾಲೆ ಮತ್ತೆ ತೆರೆಯುವ ಸುದ್ದಿ, ಹೆಬ್ಬಾತಿನ ಮರಿಗಳಿಗೆ ಎಳೆತನ ಕಳೆದುಹೋಯಿತೆಂಬ ಅರಿವು, ಶಾರ್ಲೆಟ್‌ಗೆ ತನ್ನ ಬಳಿ ಹೆಚ್ಚು ಕಾಲ ಉಳಿದಿಲ್ಲವೆಂಬ ತಿಳಿವಳಿಕೆ. ಲೇಖಕರು ಏನನ್ನೂ ಬಚ್ಚಿಟ್ಟಿಲ್ಲ. ಆದರೂ ಮೊದಲ ಸಲ ಓದುವ ಮಗು, ವಿಲ್ಬರ್‌ನನ್ನು ಉಳಿಸಲು ಹೆಚ್ಚು ಕಾಲ ಉಳಿದಿಲ್ಲ ಎಂದು ಅರ್ಥ ಮಾಡಿಕೊಂಡು ಮುಂದೆ ಹೋಗಬಹುದು, ಏಕೆಂದರೆ ಅದರ ಚಿಂತೆಯೆಲ್ಲ ಹಂದಿಮರಿಯ ಮೇಲಿದೆ. ಎರಡನೆಯ ಓದಿನಲ್ಲಿ ಅದೇ ವಾಕ್ಯ ಶಾರ್ಲೆಟ್‌ಳ ಸಾವನ್ನು ಸಾರುತ್ತದೆ. ಒಂಬತ್ತನೆಯ ಶತಮಾನದಲ್ಲಿ ಸಂಸ್ಕೃತ ಕಾವ್ಯಮೀಮಾಂಸಕ ಆನಂದವರ್ಧನ ‘ಧ್ವನ್ಯಾಲೋಕ’ದಲ್ಲಿ, ವಾಚ್ಯಾರ್ಥವನ್ನು, ಎಂದರೆ ಪದಗಳ ನೇರ ಅರ್ಥವನ್ನು, ದಾಟಿ ಹೊಳೆಯುವ ಅರ್ಥವನ್ನು ಧ್ವನಿ ಎಂದು ಕರೆದು ಅದೇ ಕಾವ್ಯದ ಆತ್ಮವೆಂದ. ಆ ಮಾತು ಮಕ್ಕಳ ಗದ್ಯಕ್ಕೂ ಪೂರ್ಣವಾಗಿ ಸಲ್ಲುತ್ತದೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಮುನ್ಸೂಚನೆಯನ್ನು ಮುಂದೆ ಬರುವ ಘಟನೆಯ ಸುಳಿವು ಎಂದಷ್ಟೇ ತಿಳಿದರೆ ಅದು ಪತ್ತೇದಾರಿ ಲೆಕ್ಕವಾಗುತ್ತದೆ, ಧ್ವನಿ ಎಂದು ತಿಳಿದರೆ ಓದಿದ ಪುಟಕ್ಕೆ ಮರಳಿ ಹೋಗುವ ಆಸೆ ಹುಟ್ಟುತ್ತದೆ.

ಕಥೆ ನಡೆಯುವ ಪರಿಸರವನ್ನು ಬರಿಯ ಹಿನ್ನೆಲೆಯೆಂದು ತಿಳಿಯುವುದು ಸಾಮಾನ್ಯ. ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್ ಅವರ ‘ದಿ ಸೀಕ್ರೆಟ್ ಗಾರ್ಡನ್’ (1911) ಆ ತಿಳಿವಳಿಕೆಯನ್ನು ಸುಳ್ಳಾಗಿಸುತ್ತದೆ. ಹತ್ತು ವರ್ಷಗಳಿಂದ ಬೀಗ ಹಾಕಿದ ತೋಟ, ತಂದೆತಾಯಿಯನ್ನು ಕಳೆದುಕೊಂಡು ಇಂಗ್ಲೆಂಡಿನ ಯಾರ್ಕ್‌ಶೈರಿನ ದೊಡ್ಡ ಮನೆಗೆ ಬಂದ ಹುಡುಗಿ ಮೇರಿ, ಅದೇ ಮನೆಯ ಕೋಣೆಯೊಂದರಲ್ಲಿ ಅಡಗಿಕೊಂಡಂತೆ ಬೆಳೆದ ಹುಡುಗ ಕಾಲಿನ್, ಈ ಮೂರೂ ಆರೈಕೆಯಿಲ್ಲದೆ ಉಳಿದವು. ತೋಟವು ಮಕ್ಕಳ ಮನಸ್ಸಿನ ಸಂಕೇತ ಎಂಬ ಉತ್ತರವನ್ನು ಇಲ್ಲಿ ಬಹುಬೇಗ ಬರೆಸಿಬಿಡುತ್ತಾರೆ. ಉತ್ತರ ತಪ್ಪಲ್ಲ, ಆದರೆ ಅಷ್ಟು ಬೇಗ ಅಲ್ಲಿಗೆ ತಲುಪುವುದು ತಪ್ಪು. ಡಿಕನ್ ಎಂಬ ಹುಡುಗ ಒಣಗಿದಂತೆ ಕಾಣುವ ಕೊಂಬೆಯನ್ನು ಚಾಕುವಿನಿಂದ ಕೊಯ್ದು ಒಳಗಿನ ಹಸಿರನ್ನು ತೋರಿಸುವ ಭಾಗವನ್ನು ನಿಧಾನವಾಗಿ ಓದಬೇಕು. ಅಲ್ಲಿಯವರೆಗೆ ತೋಟದ ಗುಲಾಬಿಗಳು ಸತ್ತಿವೆಯೋ ಬದುಕಿವೆಯೋ ಮೇರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಸಂಕೇತಕ್ಕೆ ಬಲ ಬರುವುದು ಅದು ಮೊದಲು ನಿಜವಾದ ಕೊಂಬೆಯಾಗಿ, ಉತ್ತರ ಬೇಕಾದ ನಿಜವಾದ ಪ್ರಶ್ನೆಯಾಗಿ ನಮ್ಮೆದುರು ನಿಂತಾಗ.

ಕಥಾಸಂವಿಧಾನದ ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಆರಂಭ, ಸಂಘರ್ಷ, ಪರಾಕಾಷ್ಠೆ, ಪರಿಹಾರ ಎಂಬ ಏರಿಳಿತದ ಚಿತ್ರ ಎಲ್ಲ ಕಥೆಗಳಿಗೂ ಹೊಂದುವುದಿಲ್ಲ ಎಂಬುದನ್ನು ನೆನಪಿಟ್ಟರೆ ಸಾಕು. ಕಾರ್ಲೊ ಕೊಲ್ಲೊಡಿ ಅವರ ಪಿನೋಕಿಯೊ 1881ರಿಂದ ಧಾರಾವಾಹಿಯಾಗಿ ಬಂತು, ಮೊದಲು ಅದು ಮರದ ಗೊಂಬೆಯನ್ನು ನೇಣಿಗೇರಿಸುವ 15ನೆಯ ಅಧ್ಯಾಯದಲ್ಲಿ ಮುಗಿದಿತ್ತು, ಓದುಗರ ಬೇಡಿಕೆಯಿಂದ ಮುಂದುವರಿಯಿತು. ಪ್ರಸಂಗದ ಮೇಲೆ ಪ್ರಸಂಗ ಪೋಣಿಸಿದ ಇಂತಹ ಕಥೆಯಲ್ಲಿ ಒಂದೇ ಶಿಖರವನ್ನು ಹುಡುಕುವುದು ವ್ಯರ್ಥ.

ಅಲಂಕಾರಗಳನ್ನು ನಾನು ಕೊನೆಯಲ್ಲಿ ಇಟ್ಟುಕೊಂಡದ್ದು ಅವು ಅಮುಖ್ಯವೆಂದಲ್ಲ, ಮೇಲಿನ ಪ್ರಶ್ನೆಯಿಲ್ಲದೆ ಅವುಗಳ ಬೆಲೆ ಕಟ್ಟಲಾಗದು ಎಂಬ ಕಾರಣಕ್ಕೆ. ಉಪಮೆಯಲ್ಲಿ ಉಪಮೇಯ, ಉಪಮಾನ, ಸಮಾನಧರ್ಮ, ವಾಚಕ ಎಂಬ ನಾಲ್ಕು ಅಂಗಗಳನ್ನು ಗುರುತಿಸುವುದು ಉಪಯುಕ್ತ ಅಭ್ಯಾಸ. ಅದಾದ ಮೇಲೆ, ಆ ಉಪಮಾನ ಯಾರ ಲೋಕದಿಂದ ಬಂತು ಎಂದು ಕೇಳಬೇಕು. ಸಮುದ್ರವನ್ನೇ ನೋಡದ ಎಂಟು ವರ್ಷದ ಪಾತ್ರವೊಂದು ತನ್ನ ದುಃಖವನ್ನು ಸಮುದ್ರದ ಉಬ್ಬರಕ್ಕೆ ಹೋಲಿಸಿಕೊಂಡರೆ ಅಲ್ಲಿ ಮಾತನಾಡುತ್ತಿರುವುದು ಪಾತ್ರವಲ್ಲ, ಲೇಖಕ. ಸಂಸ್ಕೃತ ಕಾವ್ಯಮೀಮಾಂಸಕ ಕ್ಷೇಮೇಂದ್ರ ಹನ್ನೊಂದನೆಯ ಶತಮಾನದಲ್ಲಿ ವಿವರಿಸಿದ ಔಚಿತ್ಯ, ಎಂದರೆ ಹೇಳುವ ಮಾತು ಪಾತ್ರಕ್ಕೂ ಸಂದರ್ಭಕ್ಕೂ ಒಪ್ಪುವಂತಿರಬೇಕು ಎಂಬ ತತ್ತ್ವ, ಇಲ್ಲಿ ನೇರವಾಗಿ ಕೆಲಸಕ್ಕೆ ಬರುತ್ತದೆ. ಬಣ್ಣಬಣ್ಣದ ಉಪಮೆಗಳಿಂದ ತುಂಬಿದ ಮಕ್ಕಳ ಪುಸ್ತಕಗಳು ಹಲವು ಸಲ ನಿರ್ಜೀವವಾಗಿ ತೋರುವುದಕ್ಕೆ ಈ ಔಚಿತ್ಯದ ಕೊರತೆಯೇ ಕಾರಣವೆಂದು ನನಗನ್ನಿಸುತ್ತದೆ.

ಇನ್ನು ಆಶಯ. ಕಥೆಯ ಆಶಯವೇನೆಂದರೆ ಮಕ್ಕಳು ‘ಸ್ನೇಹ’, ‘ಧೈರ್ಯ’ ಎಂದು ಒಂದು ಪದ ಹೇಳಿ ಸುಮ್ಮನಾಗುತ್ತಾರೆ, ಏಕೆಂದರೆ ನಾವು ಅಷ್ಟನ್ನೇ ಕೇಳುತ್ತೇವೆ. ಆಶಯವನ್ನು ಪೂರ್ಣ ವಾಕ್ಯವಾಗಿ, ಕಥೆಯೊಳಗಿನ ಅಡ್ಡಿಗಳನ್ನೂ ಒಳಗೊಂಡು ಹೇಳಲು ಕೇಳಬೇಕು. ಶಾರ್ಲೆಟ್ ಹಂದಿಮರಿಯನ್ನು ಸಾವಿನಿಂದ ಪಾರುಮಾಡುತ್ತದೆ, ತನ್ನ ಸಾವಿನಿಂದ ಪಾರಾಗುವುದಿಲ್ಲ. ಅದರ ಮೊಟ್ಟೆಚೀಲವನ್ನು ಜಾತ್ರೆಯಿಂದ ಊರಿಗೆ ಒಯ್ಯಬೇಕಾದಾಗ ಅದನ್ನು ಮೇಲಿನಿಂದ ಬಿಡಿಸಿ ತರುವುದು ಟೆಂಪಲ್‌ಟನ್ ಎಂಬ ಹೊಟ್ಟೆಬಾಕ ಇಲಿಯಿಂದ ಮಾತ್ರ ಸಾಧ್ಯ, ಇಲಿ ಸುಮ್ಮನೆ ಒಪ್ಪುವುದೂ ಇಲ್ಲ. ಇನ್ನು ಮುಂದೆ ತನ್ನ ತೊಟ್ಟಿಯ ಆಹಾರವನ್ನು ಮೊದಲು ನೀನೇ ತಿನ್ನು ಎಂದು ವಿಲ್ಬರ್ ಮಾತು ಕೊಟ್ಟ ಮೇಲೆಯೇ ಅದು ಮೇಲೇರುತ್ತದೆ. ‘ಶಾರ್ಲೆಟ್ಸ್ ವೆಬ್’ ಸ್ನೇಹದ ಕಥೆ ಎಂದು ಹೇಳುವ ಮಗುವನ್ನು, ಹಾಗಾದರೆ ಈ ವ್ಯವಹಾರವನ್ನು ಲೇಖಕರು ಏಕೆ ಇಟ್ಟರು, ಇಲಿಯೂ ಸ್ನೇಹಿತನೇ ಎಂದು ಕೇಳಿ ನೋಡಬೇಕು. ಆ ಪ್ರಶ್ನೆಗೆ ಬರುವ ಉತ್ತರಗಳು ಒಂದರಂತೆ ಒಂದಿರುವುದಿಲ್ಲ, ಚರ್ಚೆ ಅಲ್ಲಿಂದ ಶುರುವಾಗುತ್ತದೆ.