ತೊಂಗ್‌ದಾವ್‌ನ ಮಗ್ಗದ ಮುಂದೆ

ದಕ್ಷಿಣ ಚೀನಾದ ಗುಯಿಲಿನ್‌ನಿಂದ ರೈಲಿನಲ್ಲಿ ಸಾನ್‌ಜಿಯಾಂಗ್‌ಗೂ ಅಲ್ಲಿಂದ ಬಸ್ಸಿನಲ್ಲಿ ಹುನಾನ್ ಪ್ರಾಂತ್ಯದ ತೊಂಗ್‌ದಾವ್‌ಗೂ ನಾನು ಹೋದದ್ದು ದೊಂಗ್ ಎಂಬ ಅಲ್ಪಸಂಖ್ಯಾತ ಸಮುದಾಯದ ಜನರ ನೇಯ್ಗೆಯನ್ನು ನೋಡುವ ಒಂದೇ ಉದ್ದೇಶದಿಂದ. ತಮ್ಮನ್ನು 'ಕಾಮ್' ಎಂದು ಕರೆದುಕೊಳ್ಳುವ ಈ ಜನರ ಹಳ್ಳಿಗಳಲ್ಲಿ ನಗಾರಿ ಗೋಪುರಗಳೂ ಮಾಡು ಹೊದ್ದ ಮರದ ಸೇತುವೆಗಳೂ ಇದ್ದವು. ಆದರೆ ಅವುಗಳ ಮುಂದೆ ನಾನು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮರದ ಮನೆಯೊಂದರ ಜಗಲಿಯಲ್ಲಿ ಒಬ್ಬ ಅಜ್ಜಿ, ಉದ್ದಕ್ಕೆ ಕಟ್ಟಿದ ಹಾಸಿನ ಎಳೆಗಳ ಒಂದು ತುದಿಯನ್ನು ಸೊಂಟದ ಪಟ್ಟಿಗೆ ಬಿಗಿದುಕೊಂಡು ನೇಯುತ್ತಿದ್ದರು. ಹಾಸು ಬಿಳಿ ಹತ್ತಿಯದು, ಅಡ್ಡಕ್ಕೆ ಹಾಯುವ ಹೊಕ್ಕು ನೀಲಿಯಲ್ಲಿ ಅದ್ದಿ ಕಪ್ಪಿಗೆ ತಿರುಗಿದ ನೂಲು. ಅವರು ಬಿದಿರಿನ ಮೊನಚು ಪಟ್ಟಿಯಿಂದ ಎಳೆಗಳನ್ನು ಎಣಿಸಿ ಎಣಿಸಿ ಎತ್ತುತ್ತಿದ್ದರು. ಎತ್ತಿದ ಪ್ರತಿಯೊಂದು ಸಾಲಿನ ಗುರುತಿಗೆ ಒಂದು ತೆಳುವಾದ ಬಿದಿರು ಕಡ್ಡಿಯನ್ನು ಹಾಸಿನಲ್ಲೇ ಉಳಿಸುತ್ತಿದ್ದರು. ವಿನ್ಯಾಸದ ಅರ್ಧ ಮುಗಿದ ಮೇಲೆ ಅವೇ ಕಡ್ಡಿಗಳನ್ನು ಹಿಮ್ಮುಖ ಕ್ರಮದಲ್ಲಿ ಬಳಸಿದರೆ ಉಳಿದರ್ಧ ಕನ್ನಡಿಯ ಬಿಂಬದಂತೆ ಮೂಡುತ್ತದೆ. ದೊಂಗ್ ಭಾಷೆಗೆ ಅಧಿಕೃತ ಲಿಪಿ ರೂಪುಗೊಂಡದ್ದು 1958ರಲ್ಲಿ; ಅದಕ್ಕೂ ಹಿಂದಿನಿಂದಲೇ ಇಲ್ಲಿನ ಹೆಂಗಸರು ಲೆಕ್ಕವನ್ನು ಕಡ್ಡಿಗಳಲ್ಲಿ ಬರೆದಿಡುತ್ತಿದ್ದರೆಂದು ನನಗೆ ಅನ್ನಿಸಿತು.

ವಜ್ರಾಕೃತಿ, ಎಂಟು ಮೂಲೆಯ ನಕ್ಷತ್ರ, ಅಂಕುಡೊಂಕು ಗೆರೆ, ಮೀನಿನ ಮುಳ್ಳು, ಹಕ್ಕಿ, ಜೇಡ: ಎಲ್ಲವೂ ಕೋನಗಳಿಂದಲೇ ಆಗಿದ್ದವು. ಇದನ್ನು ಬರಿಯ ಅಭಿರುಚಿಯೆಂದು ತಿಳಿದಿದ್ದ ನನ್ನ ಎಣಿಕೆ ಮಗ್ಗದ ಮುಂದೆ ಕೂತಾಗ ಬದಲಾಯಿತು. ಹಾಸು ಮತ್ತು ಹೊಕ್ಕು ಲಂಬಕೋನದಲ್ಲಿ ಸಂಧಿಸುವುದರಿಂದ ದುಂಡನೆಯ ಗೆರೆಯೂ ಮೆಟ್ಟಿಲು ಮೆಟ್ಟಿಲಾಗಿಯೇ ಏರಬೇಕು. ಹಕ್ಕಿಯ ಕತ್ತು ಎಷ್ಟು ಬಾಗಬೇಕೆಂಬುದನ್ನು ಎಳೆಗಳ ಸಂಖ್ಯೆ ನಿರ್ಧರಿಸುತ್ತದೆ. ಹೀಗಿದ್ದೂ ಆ ಹಕ್ಕಿ ಹಕ್ಕಿಯಾಗಿಯೇ ಕಾಣುವುದು ಶತಮಾನಗಳ ಜಾಣ್ಮೆಯ ಫಲವೆಂದು ನಾನು ದೃಢವಾಗಿ ನಂಬುತ್ತೇನೆ.

ಅಜ್ಜಿ ಬಟ್ಟೆಯ ಅಂಚನ್ನು ಮಗುಚಿ ತೋರಿಸಿದರು. ಈ ಬದಿಯಲ್ಲಿ ಕಪ್ಪು ನೆಲದ ಮೇಲೆ ಬಿಳಿಯಾಗಿದ್ದ ನಕ್ಷತ್ರ ಆ ಬದಿಯಲ್ಲಿ ಬಿಳಿ ನೆಲದ ಮೇಲೆ ಕಪ್ಪಾಗಿತ್ತು. ಯಾವುದು ಮುಂಭಾಗವೆಂದು ಕೇಳಿದೆ. ಎರಡೂ ಎಂದು ಜೊತೆಗಿದ್ದ ಮೊಮ್ಮಗಳು ಚೀನೀ ಭಾಷೆಯಲ್ಲಿ ತಿಳಿಸಿದಳು.

ಮಗುವನ್ನು ಬೆನ್ನಿಗೆ ಕಟ್ಟಿಕೊಳ್ಳುವ ಬಟ್ಟೆಗೆಂದು ಅವರು ಜೇಡದ ಸಾಲನ್ನು ಹಾಕುತ್ತಿದ್ದರು. ಕುಲದ ಆದಿಮಾತೆಯಾದ ಸಾ ದೇವತೆಗೂ ಜೇಡಕ್ಕೂ ನಂಟು ಕಲ್ಪಿಸುವ ನಂಬಿಕೆ ಇಲ್ಲಿದೆ. ಆದ್ದರಿಂದ ಜೇಡವು ಮಗುವಿನ ಕಾವಲು. ತೊಂಗ್‌ದಾವ್‌ನ ಈ ನೇಯ್ಗೆ 2008ರಲ್ಲಿ ಚೀನಾದ ರಾಷ್ಟ್ರೀಯ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ನಾನು ಏಳುವ ಹೊತ್ತಿಗೆ ಜೇಡದ ಒಂದು ಕಾಲು ಒಂದೇ ಎಳೆಯಷ್ಟು ಪಕ್ಕಕ್ಕೆ ಸರಿದದ್ದು ಅಜ್ಜಿಯ ಕಣ್ಣಿಗೆ ಬಿತ್ತು. ಅವರು ಏನನ್ನೂ ಹೇಳದೆ, ಹಿಂದಿನ ನಾಲ್ಕು ಸಾಲುಗಳನ್ನು ಒಂದೊಂದಾಗಿ ಬಿಚ್ಚತೊಡಗಿದರು.