ಪಾತ್ರೆ ತೊಳೆಯುವ ಹೊತ್ತು

6 ಅಕ್ಟೋಬರ್ 2024, ಭಾನುವಾರ ರಾತ್ರಿ

ಯೇಸುವಿನ ಕೊನೆಯ ಊಟವನ್ನು ನೆನೆಯುವ ಕರ್ತನ ಭೋಜನದ ಆರಾಧನೆ ಮುಗಿದ ಮೇಲೆ ದ್ರಾಕ್ಷಾರಸದ ಪುಟ್ಟ ಗಾಜಿನ ಲೋಟಗಳನ್ನು ತೊಳೆಯುವ ಸರದಿ ಇಂದು ನನ್ನದು ಮತ್ತು ದೊಡ್ಡಮ್ಮನದು. ಎಷ್ಟು ತೊಳೆದರೂ ತಳದಲ್ಲಿ ನೇರಳೆ ಬಣ್ಣದ ತೆಳ್ಳನೆಯ ಗೆರೆಯೊಂದು ಉಳಿಯುತ್ತದೆ; ದೊಡ್ಡಮ್ಮ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಅದನ್ನು ಒರೆಸುತ್ತಾರೆ. ಹಾಗೆ ಒರೆಸುತ್ತಲೇ, "ಗೋಡೆಯ ಮೇಲಿನ ಆ ವಾಕ್ಯವನ್ನು ಇಳಿಸಿಬಿಡೋಣ ಅನ್ನಿಸ್ತದೆ, ಮಗಳೇ. ಅವರು ಹೋದ ಮೇಲೆ ನನಗೆ ಅದನ್ನು ಓದೋಕಾಗ್ತಿಲ್ಲ" ಎಂದರು. ಬೈಬಲಿನ 23ನೆಯ ಕೀರ್ತನೆಯ 'ನನ್ನ ಪಾತ್ರೆಯು ತುಂಬಿ ಹೊರಸೂಸುತ್ತದೆ' ಎಂಬ ಮಾತಿಗೆ ಚೌಕಟ್ಟು ಹಾಕಿಸಿ ತೂಗುಹಾಕಿದವರು ದೊಡ್ಡಪ್ಪನೇ.

ನನಗೆ ಮಾತು ಹೊರಡಲಿಲ್ಲ.

ಚಿಕ್ಕಂದಿನಲ್ಲಿ ಆ ವಾಕ್ಯ ಕೇಳಿದಾಗಲೆಲ್ಲ ನನ್ನ ಕಣ್ಣಿಗೆ ಬರುತ್ತಿದ್ದುದು ಒಲೆಯ ಮೇಲೆ ಉಕ್ಕುವ ಹಾಲಿನ ಪಾತ್ರೆ. ಆದರೆ ಕೀರ್ತನೆಯಲ್ಲಿರುವುದು 'ಕೋಸ್' ಎಂಬ ಹೀಬ್ರೂ ಮಾತು, ಅಂದರೆ ಕುಡಿಯುವ ಬಟ್ಟಲು. ಮನೆಯ ಯಜಮಾನ ತುಂಬಿ ಕೈಗಿಡುವ ಬಟ್ಟಲಿನಲ್ಲಿ ಏನಿದೆಯೋ ಅದೇ ಕುಡಿಯುವವನ ಪಾಲು. ಆದ್ದರಿಂದಲೇ 16ನೆಯ ಕೀರ್ತನೆಯನ್ನು ಹಾಡಿದವನಿಗೆ ದೇವರೇ ಪಾಲು, ದೇವರೇ ಪಾತ್ರೆ. ಪ್ರವಾದಿ ಯೆರೆಮೀಯನಿಗೋ ಅದು ಜನಾಂಗಗಳು ಕುಡಿದು ಓಲಾಡಬೇಕಾದ ರೋಷದ ಪಾತ್ರೆ. ತಣ್ಣೀರಿನ ಒಂದು ಬಟ್ಟಲಿಗೂ ಪ್ರತಿಫಲವುಂಟೆಂದು ಯೇಸು ಹೇಳಿದಾಗ ಮಾತ್ರ ಅದು ಬರಿಯ ಬಟ್ಟಲು, ಬಾಯಾರಿದವರ ಬಟ್ಟಲು.

ರಾತ್ರಿ ಮತ್ತಾಯನ ಸುವಾರ್ತೆಯ 26ನೆಯ ಅಧ್ಯಾಯವನ್ನು ಮತ್ತೆ ಓದಿದೆ. ಸೆರೆಸಿಕ್ಕುವ ರಾತ್ರಿ, ಯೆಹೂದ್ಯರ ಪಸ್ಕ ಹಬ್ಬದ ಊಟದಲ್ಲಿ ಯೇಸು ಪಾತ್ರೆಯನ್ನು ತೆಗೆದುಕೊಂಡು ಸ್ತೋತ್ರ ಮಾಡಿ ಶಿಷ್ಯರಿಗೆ ಕೊಡುತ್ತಾನೆ. ಬಳಿಕ ಅವರೆಲ್ಲರೂ ಹಾಡಿ ಎಣ್ಣೆಮರಗಳ ಗುಡ್ಡಕ್ಕೆ ಹೊರಡುತ್ತಾರೆ. ಪಸ್ಕದ ಊಟದ ಕೊನೆಗೆ ಯೆಹೂದ್ಯರು ಹಾಡುವ ಕೀರ್ತನೆಗಳಲ್ಲಿ 116ನೆಯದೂ ಒಂದು, ರಕ್ಷಣೆಯ ಪಾತ್ರೆಯನ್ನು ಎತ್ತುವೆನೆಂದು ಅದರಲ್ಲಿದೆ. ಅಂದು ಹಾಡಿದ್ದೂ ಅದೇ ಆಗಿದ್ದರೆ, ಆ ಮಾತು ನಾಲಗೆಯ ಮೇಲಿರುವಾಗಲೇ ಆತನು ಆ ಗುಡ್ಡದ ಗೆತ್ಸೇಮನೆ ತೋಟದಲ್ಲಿ ಬೋರಲು ಬಿದ್ದು, ಮುಂದಿದ್ದ ಸಂಕಟವನ್ನೇ ಪಾತ್ರೆಯೆಂದು ಕರೆದು, ಸಾಧ್ಯವಾದರೆ ಈ ಪಾತ್ರೆ ನನ್ನನ್ನು ಬಿಟ್ಟುಹೋಗಲಿ ಎಂದು ಬೇಡಿಕೊಂಡನು. ಸ್ತೋತ್ರ ಮಾಡಿ ಕೊಟ್ಟ ಕೈಗೇ ಅದೇ ರಾತ್ರಿ ಪಾತ್ರೆ ಬೇಡವಾಯಿತು. ಇಷ್ಟು ವರ್ಷ ಇವೆರಡನ್ನೂ ಬೇರೆ ಬೇರೆ ಭಾನುವಾರಗಳಲ್ಲಿ ಕೇಳಿದ್ದರಿಂದಲೋ ಏನೋ, ಒಟ್ಟಿಗೆ ಇಟ್ಟು ನೋಡಿರಲಿಲ್ಲ.

ಇದನ್ನು ದೊಡ್ಡಮ್ಮನಿಗೆ ಹೇಳಬೇಕು. ಚೌಕಟ್ಟನ್ನು ಇಳಿಸಬೇಡಿ ಎನ್ನುವುದಕ್ಕಲ್ಲ; ಇಳಿಸಿದರೂ ಅದು ಅಪನಂಬಿಕೆಯಲ್ಲ, ಬೇಡವೆನ್ನುವುದೂ ಪ್ರಾರ್ಥನೆಯೇ ಎಂದು. ಆದರೆ ಅವರ ಮುಂದೆ ಕುಳಿತು ಯಾವ ಮಾತಿನಿಂದ ಆರಂಭಿಸಲಿ, ಬಟ್ಟೆಯ ತುದಿಯನ್ನು ಸುತ್ತಿಕೊಂಡ ಆ ಬೆರಳನ್ನು ನೋಡಿದರೆ