ಕತ್ತರಿಸಿದ ಸ್ಟ್ರಿಪ್ಪು, ತುಟಿಯ ಕಲೆ

ಡೊಂಬಿವಲಿ, 14 ಜುಲೈ 2024, ಭಾನುವಾರ

ಮಳೆ ಹಿಡಿದರೆ ಜ್ವರ, ಮೈಕೈ ನೋವು, ಮಾತ್ರೆ. ಮಾರನೆಯ ದಿನ ದದ್ದು. ಎರಡೇ ಮಾತ್ರೆ ಕೇಳಿದರೆ ಮೆಡಿಕಲ್‌ನವರು ಸ್ಟ್ರಿಪ್ಪಿಗೆ ಕತ್ತರಿ ಹಾಕುತ್ತಾರೆ. ಯಾವ ಮಾತ್ರೆಗೆ ದದ್ದು ಎದ್ದಿತೆಂದು ವೈದ್ಯರಿಗೆ ತೋರಿಸಲು ತಂದ ಚೂರಿನಲ್ಲಿ ಉಳಿದದ್ದು ‘ಫೆನಾಕ್’ ಎಂಬ ಬಾಲ ಮತ್ತು ‘325’. 325 ಅಂದರೆ ಪ್ಯಾರಾಸಿಟಮಾಲ್ ಇರಬೇಕು. ಜೊತೆಗಿದ್ದ ನೋವಿನ ಔಷಧ ಡೈಕ್ಲೋಫೆನಾಕೋ, ಅಸೆಕ್ಲೋಫೆನಾಕೋ? ಅಲ್ಲಿಗೆ ಜಾಡು ತಪ್ಪಿತು.

‘ನೋವಿನ ಮಾತ್ರೆ ನನಗೆ ಆಗಿಬರೋದಿಲ್ಲ’ ಅಂದರೆ ಸಾಲದು. ಯಾವುದು, ಎಷ್ಟು ಹೊತ್ತಿಗೆ, ಎಂಥ ದದ್ದು ಎಂದು ಕೇಳಲೇಬೇಕು. ಪಿತ್ತದ ಗಂಧೆಯಾದರೆ ಒಂದು ದದ್ದಿನ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆಯಿರಿ. ಸಾಮಾನ್ಯವಾಗಿ 24 ಗಂಟೆಯೊಳಗೆ ಅದು ಅಲ್ಲಿಂದ ಮಾಯವಾಗಿ ಬೇರೆಡೆ ಏಳುತ್ತದೆ. ಐಬುಪ್ರೊಫೆನ್‌ಗೂ ಡೈಕ್ಲೋಫೆನಾಕ್‌ಗೂ ಆಸ್ಪಿರಿನ್‌ಗೂ ಗಂಧೆ ಎದ್ದರೆ ಅದು ಒಂದು ಔಷಧದ ಅಲರ್ಜಿಯಲ್ಲ. ಇವೆಲ್ಲ ದೇಹದ ಕಾಕ್ಸ್-1 ಎಂಬ ಕಿಣ್ವವನ್ನು ತಡೆಯುವುದರಿಂದ, ಊತ ತರುವ ಲ್ಯೂಕೋಟ್ರೈನ್ ಎಂಬ ರಾಸಾಯನಿಕಗಳು ಹೆಚ್ಚಿ ಆಗುವ ತೊಂದರೆ. ಒಂದಕ್ಕೆ ಮಾತ್ರ ಎದ್ದು ಉಳಿದವು ಒಗ್ಗಿದರೆ, ಆ ಒಂದರ ಅಲರ್ಜಿ.

ಇದನ್ನು ಖಚಿತವಾಗಿ ಹೇಳುವ ರಕ್ತಪರೀಕ್ಷೆ ಇಲ್ಲ. ಸಂಶಯ ಉಳಿದರೆ ಆಸ್ಪತ್ರೆಯಲ್ಲೇ, ತೀವ್ರ ಅಲರ್ಜಿಗೆ ಕೊಡುವ ಅಡ್ರಿನಲಿನ್ ಚುಚ್ಚುಮದ್ದು ಕೈಗೆಟಕುವಂತೆ ಇಟ್ಟುಕೊಂಡು, ಸಣ್ಣ ಪ್ರಮಾಣದಿಂದ ಏರಿಸುತ್ತಾ ಮಾತ್ರೆ ಕೊಟ್ಟು ನೋಡಬೇಕು. ಸಿಟ್ರಿಜಿನ್‌ನಂಥ ಅಲರ್ಜಿ ಮಾತ್ರೆಗಳನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಿರಬೇಕು, ಇಲ್ಲದಿದ್ದರೆ ಗಂಧೆ ಅಡಗಿ ಕುಳಿತು ಸುಳ್ಳು ಧೈರ್ಯ ಕೊಡುತ್ತದೆ. ಬದಲಿಯಾಗಿ ಎಟೊರಿಕಾಕ್ಸಿಬ್ ಎಂಬ ನೋವಿನ ಮಾತ್ರೆ ಹೆಚ್ಚಿನವರಿಗೆ ಒಗ್ಗುತ್ತದೆ. ಅದರ ಮೊದಲ ಡೋಸೂ ವೈದ್ಯರ ಕಣ್ಣೆದುರೇ ಆಗಲಿ. ಪ್ಯಾರಾಸಿಟಮಾಲ್ 500 ಮಿ.ಗ್ರಾಂ ಒಗ್ಗುವ ಕೆಲವರಿಗೆ 1000 ಒಗ್ಗದು.

ತುಟಿಯ ಮೇಲಿನ ದುಂಡನೆಯ ಕಂದು-ನೇರಳೆ ಕಲೆಯನ್ನು ಮನೆಯಲ್ಲಿ ‘ಉಷ್ಣ’ ಎಂದು ಬಿಡುತ್ತಾರೆ. ಪ್ರತಿಸಲ ಮಾತ್ರೆ ನುಂಗಿದ ಕೆಲವೇ ಗಂಟೆಗಳಲ್ಲಿ ಅದೇ ಜಾಗ ಉರಿದು ಕೆಂಪಾಗಿ, ಆಮೇಲೆ ಇನ್ನಷ್ಟು ಕಪ್ಪಾದರೆ ಅದು ಫಿಕ್ಸೆಡ್ ಡ್ರಗ್ ಇರಪ್ಷನ್, ಅಂದರೆ ಔಷಧದಿಂದ ಪ್ರತಿಸಲ ಅದೇ ಜಾಗದಲ್ಲಿ ಏಳುವ ಕಲೆ. ಇದರ ಪ್ಯಾಚ್ ಟೆಸ್ಟನ್ನು, ಅಂದರೆ ಔಷಧವನ್ನು ಚರ್ಮಕ್ಕೆ ಅಂಟಿಸಿ ನೋಡುವ ಪರೀಕ್ಷೆಯನ್ನು, ಮೈಮೇಲಿನ ಹಳೆಯ ಕಲೆಯ ಮೇಲೆಯೇ ಹಚ್ಚಬೇಕು. ಬೆನ್ನಿನ ಕಲೆಯಿಲ್ಲದ ಚರ್ಮಕ್ಕೆ ಹಚ್ಚಿದರೆ ಸಾಮಾನ್ಯವಾಗಿ ಏನೂ ಏಳುವುದಿಲ್ಲ, ಏಕೆಂದರೆ ಆ ಔಷಧವನ್ನು ನೆನಪಿಟ್ಟುಕೊಂಡ ಟಿ ಜೀವಕೋಶಗಳು (ರೋಗನಿರೋಧಕ ಬಿಳಿ ರಕ್ತಕಣಗಳು) ಕೂತಿರುವುದು ಆ ಕಲೆಯಲ್ಲೇ.

ಈ ದಿನಗಳಲ್ಲಿ ಇನ್ನೊಂದು ಎಚ್ಚರ: ಡೆಂಗಿಯಲ್ಲೂ ದದ್ದು ಏಳುತ್ತದೆ, ದೂರು ಮಾತ್ರೆಯ ತಲೆಗೆ ಬರುತ್ತದೆ. ಮೊದಲು ಡೆಂಗಿ ಪರೀಕ್ಷೆ ಆಗಲಿ. ಅಲ್ಲಿಯವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಆದರೆ ಚರ್ಮ ನೋಯುತ್ತಿದ್ದರೆ, ಬೊಬ್ಬೆ ಎದ್ದರೆ, ಬಾಯಿ ಹುಣ್ಣಾಗಿ ಕಣ್ಣು ಕೆಂಪಾದರೆ ಮಾತ್ರೆ ನಿಲ್ಲಿಸಿ ಆ ಕ್ಷಣವೇ ಆಸ್ಪತ್ರೆಗೆ ಹೋಗಿ. ಅಂಥವರಿಗೆ ಆ ಔಷಧವನ್ನು ಪರೀಕ್ಷೆಗೆಂದೂ ಮತ್ತೆ ಕೊಡಬಾರದು.

ಮೆಡಿಕಲ್‌ನಲ್ಲಿ ಕತ್ತರಿ ಎತ್ತುವ ಮೊದಲು ಸ್ಟ್ರಿಪ್ಪಿನ ಹಿಂಬದಿಯ ಫೋಟೋ ತೆಗೆದುಕೊಳ್ಳಿ. ನುಂಗಿದ ಹೊತ್ತು, ದದ್ದು ಎದ್ದ ಹೊತ್ತು, ಎರಡನ್ನೂ ಬರೆದಿಡಿ.